ಮೆಲ್ಬರ್ನ್‌ಗೆ ಹೊರಟಿದ್ದೀರಾ? ಕ್ಲಬ್ಬಿನ ವಿಷಯ ಸ್ವಲ್ಪ ಕೇಳಿ

ಈ ಸಲ ರಜಕ್ಕೆ ತುಮಕೂರಿಗೆ ಬಂದ ಮಾರನೇ ದಿನವೇ ಪಕ್ಕದ ಮನೆ ಹುಡುಗಿ ಬಂದು ಕೂತಳು. ಮುಂದಿನ ತಿಂಗಳು ಮೆಲ್ಬರ್ನ್‌ಗೆ ಹೊರಟಿದ್ದಾಳೆ, ಎರಡು ವರ್ಷದ ಓದಿಗೆ. ಇಲ್ಲಿ ಕಾಲೇಜಿನಲ್ಲಿ ರೋಟರಾಕ್ಟ್, ಅಂದರೆ ರೋಟರಿ ಎಂಬ ಸೇವಾ ಸಂಸ್ಥೆಯ ಯುವಜನರ ಕ್ಲಬ್ಬಿನ, ಕಾರ್ಯದರ್ಶಿಯಾಗಿದ್ದವಳು. "ಅಂಕಲ್, ಅಲ್ಲೂ ಕ್ಲಬ್ ಸೇರಬಹುದಾ? ನೀವು ಪ್ರೆಸಿಡೆಂಟ್ ಆಗಿದ್ರಂತಲ್ಲ, ಹೇಗೆ ಆದ್ರಿ?" ಅಂದಳು.

ಹೇಗೆ ಆದೆ ಎನ್ನುವುದಕ್ಕಿಂತ ಹೇಗೆಲ್ಲ ಎಡವಿದೆ ಎಂದು ಹೇಳಿದರೆ ಅವಳಿಗೆ ಉಪಯೋಗ ಜಾಸ್ತಿ ಅನ್ನಿಸಿತು. ಎರಡು ಲೋಟ ಕಾಫಿ ಮುಗಿಯುವವರೆಗೂ ಹೇಳಿದೆ. ನಮ್ಮ ಕಡೆಯಿಂದ ವರ್ಷವೂ ಯಾರಾದರೂ ಹೊರಡುತ್ತಲೇ ಇರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡೋಣ. ಕೆಲವು ಮೀಟಿಂಗಿಗೆ ಅತಿಥಿಯಾಗಿ ಹೋಗಿ, ಒಬ್ಬ ಸದಸ್ಯರು ನಿಮ್ಮ ಹೆಸರು ಸೂಚಿಸುತ್ತಾರೆ, ಫಾರಂ ತುಂಬಿ, ವಾರ್ಷಿಕ ಚಂದಾ ಕಟ್ಟಿ. ಮಕ್ಕಳ ಜೊತೆ ಕೆಲಸ ಮಾಡುವುದಿದ್ದರೆ 'ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್', ಅಂದರೆ ನಿಮ್ಮ ಹಿನ್ನೆಲೆಯ ತಪಾಸಣೆ, ಬೇಕು. ಸ್ವಯಂಸೇವಕರಿಗೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದಕ್ಕೆ ದುಡ್ಡಿಲ್ಲ. ಅಷ್ಟೇ.

ಈಗ ನನ್ನ ಕಥೆ. ನಾವು ಹೋಗಿದ್ದು 2009ರಲ್ಲಿ. ಮಗನಿಗೆ ಆಗ ನಾಲ್ಕು ವರ್ಷ. ಮೊದಲೆರಡು ವರ್ಷ ಕನ್ನಡ ಸಂಘದ ಗಣೇಶ, ರಾಜ್ಯೋತ್ಸವ ಬಿಟ್ಟರೆ ಮನುಷ್ಯರ ಮುಖವೇ ನೋಡಲಿಲ್ಲ ಎನ್ನಬಹುದು. ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ. ಅವರ ಕಸದ ಡಬ್ಬದ ಬಣ್ಣ ಮಾತ್ರ ಗೊತ್ತಿತ್ತು. ತುಮಕೂರಿನಲ್ಲಿ ಮನೆಯಿಂದ ಬಿ.ಎಚ್. ರಸ್ತೆಗೆ ಹೋಗುವಷ್ಟರಲ್ಲಿ ಐದು ಜನ "ಏನ್ಸಾರ್, ಆಯ್ತಾ ಊಟ?" ಅನ್ನುತ್ತಿದ್ದರು. ಆ ಮಾತು ಇಲ್ಲದೆ ಕಿವಿ ಒಣಗಿ ಹೋಗಿತ್ತು. 2011ರಲ್ಲಿ ಆಫೀಸಿನವರೊಬ್ಬರು ತಮ್ಮ ರೋಟರಿ ಕ್ಲಬ್ಬಿಗೆ ಕರೆದರು. ಕರೆದ ತಕ್ಷಣ ಹೋದೆ.

ರೋಟರಿ ಹುಟ್ಟಿದ್ದೂ ಇಂಥದೇ ಒಂಟಿತನದಿಂದ ಎಂದು ಆಮೇಲೆ ಗೊತ್ತಾಯಿತು. ಪಾಲ್ ಹ್ಯಾರಿಸ್ ಎಂಬ ವಕೀಲ ಅಮೆರಿಕದ ವರ್ಮಾಂಟ್ ಕಡೆಯ ಸಣ್ಣ ಊರಿನಲ್ಲಿ ಬೆಳೆದವನು. ಷಿಕಾಗೋದಂಥ ದೊಡ್ಡ ಊರಿನಲ್ಲಿ ಅವನಿಗೆ ಪರಿಚಯದವರಿದ್ದರು, ಸ್ನೇಹಿತರಿರಲಿಲ್ಲ. 1905ರ ಫೆಬ್ರವರಿ 23ರಂದು ಇನ್ನು ಮೂವರನ್ನು ಸೇರಿಸಿಕೊಂಡು ಕೂತ. ಒಂದೊಂದು ಸಲ ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದರು, ಅದಕ್ಕೇ ರೋಟರಿ ಎಂಬ ಹೆಸರು. ಸೇವೆಯ ಮಾತು ಬಂದಿದ್ದು ಆಮೇಲೆ. ಮೊದಲು ಬೇಕಾಗಿದ್ದು ಜೊತೆ.

ನನಗೂ ಅದೇ ಬೇಕಾಗಿತ್ತು. ಆದರೆ ನಾನು ಹೊರಟಿದ್ದು ತುಮಕೂರಿನ ಪದಗ್ರಹಣ ಸಮಾರಂಭ ತಲೆಯಲ್ಲಿಟ್ಟುಕೊಂಡು. ಗೊತ್ತಲ್ಲ? ಫ್ಲೆಕ್ಸು, ವೇದಿಕೆ ತುಂಬ ಗಣ್ಯರು, ಆಹ್ವಾನ ಪತ್ರಿಕೆಯಲ್ಲಿ ಎಲ್ಲರ ಹೆಸರಿನ ಹಿಂದೆ 'ರೊ.' (ರೊಟೇರಿಯನ್) ಎಂಬ ಅಕ್ಷರ, ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆ ವೇದಿಕೆಯ ಹಿಂದೆ ಕಣ್ಣಿನ ಕ್ಯಾಂಪಿಗೆ, ರಕ್ತದಾನಕ್ಕೆ ಓಡಾಡುವವರು ಇದ್ದೇ ಇರುತ್ತಾರೆ. ನನ್ನ ಕಣ್ಣಿಗೆ ಮಾತ್ರ ಹಾರವೇ ಕಂಡಿತ್ತು.

ಹೀಗಾಗಿ ಮೊದಲ ದಿನವೇ ಎಡವಟ್ಟು. ಬ್ಲೇಜರ್ ಹಾಕಿಕೊಂಡು ಹೋದೆ. ಬಾಗಿಲಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ನಿಂತಿದ್ದರು. ಗಂಡಸಿನ ಕೈ ಹಿಡಿದು ಕುಲುಕಿ, "ಅಧ್ಯಕ್ಷರೇ, ನಿಮ್ಮನ್ನು ಭೇಟಿಯಾಗಿ ಸಂತೋಷ" ಎಂದೆ. ಆತ ಅವತ್ತು ಕುರ್ಚಿ ಜೋಡಿಸುವ ಪಾಳಿಯವನು. ಅಧ್ಯಕ್ಷೆ ಪಕ್ಕದಲ್ಲಿದ್ದಾಕೆ. ಆಕೆ ನಕ್ಕು ನನ್ನ ಕೈಗೇ ಎರಡು ಕುರ್ಚಿ ಕೊಟ್ಟಳು. ರೋಟರಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರ. ರೋಟರಿಯಂಥದೇ ಇನ್ನೊಂದು ಸೇವಾ ಸಂಸ್ಥೆಯಾದ ಲಯನ್ಸ್‌ನವರು 1987ರಲ್ಲೇ ಸೇರಿಸಿಕೊಂಡರು. ನಾನು ಮಾತ್ರ 2011ರಲ್ಲೂ ಹಳೇ ಕಾಲದಲ್ಲೇ ಇದ್ದೆ. "ನನ್ನ ಹೆಂಡತಿ ಫ್ಯಾಮಿಲಿ ಡಿನ್ನರ್‌ಗೆ ಬರ್ತಾಳೆ" ಎಂದು ಬೇರೆ ಹೇಳಿದ್ದೆ. ಮುಂದೆ ಅವಳೂ ಸದಸ್ಯೆಯಾದಳು. ಈಗ ಕ್ಲಬ್ಬಿನಲ್ಲಿ ನನ್ನನ್ನು ಅವಳ ಗಂಡ ಎಂದೇ ಗುರುತಿಸುವುದು.

ಎರಡನೇ ತಪ್ಪು ಬಟ್ಟೆಯದು. ಶನಿವಾರ 'ವರ್ಕಿಂಗ್ ಬೀ' ಇದೆ, ಬನ್ನಿ ಎಂದರು. ಯಾವುದೋ ಕಾರ್ಯಾಗಾರ ಇರಬೇಕು ಎಂದುಕೊಂಡೆ. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಮಾಡಿದ ಶೂ. ಹೋಗಿ ನೋಡಿದರೆ ಮಕ್ಕಳ ಆಟದ ಮೈದಾನದಲ್ಲಿ ಎಲ್ಲರೂ ಮೊಣಕಾಲೂರಿ ಕಳೆ ಕೀಳುತ್ತಿದ್ದಾರೆ. ಊರಿನ ಶ್ರಮದಾನ ಇದ್ದ ಹಾಗೆ, ಫೋಟೋದವನೊಬ್ಬ ಇರಲಿಲ್ಲ ಅಷ್ಟೇ. ನಿವೃತ್ತ ಡಾಕ್ಟರೊಬ್ಬರು ಮಣ್ಣಿನ ಗಾಡಿ ತಳ್ಳುತ್ತಿದ್ದರು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಆ ಕಡೆ ಇನ್ನೂ ಸ್ವಲ್ಪ ಉಳಿದಿದೆ" ಎಂದೆ. ನಮ್ಮ ಊರಿನಲ್ಲಿ ಅದನ್ನು ಮೇಲ್ವಿಚಾರಣೆ ಅನ್ನುತ್ತೇವೆ. ಅಲ್ಲಿ ಯಾರೂ ಏನೂ ಅನ್ನಲಿಲ್ಲ. ಒಬ್ಬರು ಬಂದು ಕೈಗವಸು ಕೊಟ್ಟು ಹೋದರು. ಇವತ್ತಿಗೂ ಆ ಕೈಗವಸು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇದಕ್ಕಿಂತ ನಾಚಿಕೆಗೇಡಿನ ತಪ್ಪು ಇನ್ನೊಂದಿದೆ. ನಾವು 'ಇಲ್ಲ' ಎನ್ನುವುದಿಲ್ಲ. "ನೋಡೋಣ", "ಬರ್ತೀನಿ ಬಿಡಿ" ಎನ್ನುತ್ತೇವೆ. ಕೇಳಿದವರಿಗೆ ಅದರ ಅರ್ಥ ಗೊತ್ತಿರುತ್ತದೆ. ಅಲ್ಲಿ "ಬರ್ತೀನಿ" ಎಂದರೆ ನಿಮ್ಮ ಹೆಸರು ಪಾಳಿಯ ಪಟ್ಟಿಗೆ ಸೇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಸಂತೆಯ ಗೇಟಿನಲ್ಲಿ ಟಿಕೆಟ್ ಹರಿಯುವ ಪಾಳಿ. ಚಳಿ, ಮಳೆ. ಯಾರಾದರೂ ಇರ್ತಾರೆ ಎಂದು ಮಗ್ಗುಲು ಬದಲಿಸಿದೆ. ಎಪ್ಪತ್ತನಾಲ್ಕು ವರ್ಷದ ಹೆಂಗಸೊಬ್ಬರು ಎರಡು ಗಂಟೆ ಒಬ್ಬರೇ ನಿಂತಿದ್ದರಂತೆ. ನಾನು ಕ್ಷಮೆ ಕೇಳಿದಾಗ, "ಪರವಾಗಿಲ್ಲ, ಮುಂದಿನ ಸಲ ಆಗೋದಿಲ್ಲ ಅಂತ ಹೇಳಿಬಿಡಿ, ಅದೇ ನಮಗೆ ಸಹಾಯ" ಎಂದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಹುಡುಗಿಗೆ ಇದನ್ನು ಎರಡೆರಡು ಸಲ ಹೇಳಿದೆ. ಆಗದಿದ್ದರೆ ಆಗಲ್ಲ ಅನ್ನಮ್ಮ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೀಟಿಂಗಿನಲ್ಲಿ 'ಸಾರ್ಜೆಂಟ್' ಎಂಬೊಬ್ಬರು ಎಲ್ಲರಿಗೂ ದಂಡ ಹಾಕುತ್ತಾರೆ. ತಡವಾಗಿ ಬಂದದ್ದಕ್ಕೆ, ಹೊಸ ಕಾರು ಕೊಂಡದ್ದಕ್ಕೆ, ಮೊಮ್ಮಗು ಹುಟ್ಟಿದ್ದಕ್ಕೆ. ಒಂದೆರಡು ಡಾಲರ್, ನಗು, ಮುಗಿಯಿತು. ಲಯನ್ಸ್‌ನಲ್ಲಿ ಈ ಕೆಲಸದವರಿಗೆ 'ಟೇಲ್ ಟ್ವಿಸ್ಟರ್' ಎಂದೇ ಹೆಸರು, ಅಂದರೆ ಸಿಂಹದ ಬಾಲ ತಿರುಚುವವರು! ನನಗೆ ಮೊದಲ ಸಲ ದಂಡ ಬಿದ್ದಾಗ ಟ್ರಾಫಿಕ್ ಇತ್ತು ಎಂದು ಎದ್ದು ನಿಂತು ವಾದ ಮಾಡಿದೆ. ಸುಮ್ನೆ ಎರಡು ಡಾಲರ್ ಹಾಕಿ ಕೂರಬೇಕಿತ್ತು.

ಇನ್ನು ಊಟದ ವಿಷಯ, ನಮ್ಮವರು ಮೊದಲು ಕೇಳುವುದೇ ಇದನ್ನು. ಆಸ್ಟ್ರೇಲಿಯಾದಲ್ಲಿ ಕ್ಲಬ್ಬುಗಳು ಹಣ ಕೂಡಿಸುವ ದೊಡ್ಡ ದಾರಿ 'ಸಾಸೇಜ್ ಸಿಜಲ್'. ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯ ಮುಂದೆ ವಾರದ ಕೊನೆಗೆ ಒಂದೊಂದು ಸಂಸ್ಥೆ ಒಲೆ ಹಚ್ಚಿ ಬ್ರೆಡ್ಡಿನಲ್ಲಿ ಸಾಸೇಜ್ (ಕೊಚ್ಚಿದ ಮಾಂಸ ತುಂಬಿದ ಕೊಳವೆ) ಇಟ್ಟು ಮಾರುತ್ತದೆ. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವನು. ಒಂದು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಕೊನೆಗೆ ನಿಜ ಹೇಳಿದೆ. "ಅಷ್ಟೇನಾ? ಹಾಗಾದ್ರೆ ಈರುಳ್ಳಿ ಹೆಚ್ಚಿಕೊಡು" ಎಂದರು. ಅವತ್ತಿನಿಂದ ನಾನು ಕ್ಲಬ್ಬಿನ ಈರುಳ್ಳಿ ಖಾತೆ ಸಚಿವ. 2018ರಲ್ಲಿ, ಈರುಳ್ಳಿ ನೆಲಕ್ಕೆ ಬಿದ್ದು ಜನ ಜಾರುತ್ತಾರೆ, ಅದನ್ನು ಸಾಸೇಜಿನ ಕೆಳಗೆ ಇಡಿ ಎಂದು ಅಂಗಡಿಯವರು ಸೂಚನೆ ಕೊಟ್ಟಾಗ ದೇಶಕ್ಕೆ ದೇಶವೇ ಅದರ ಚರ್ಚೆ ಮಾಡಿತು. ಆಗ ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ನನ್ನ ಅಭಿಪ್ರಾಯ ಕೇಳಿದರು. ಆ ದೇಶ ನನ್ನದೂ ಹೌದು ಅನ್ನಿಸಿದ ಮೊದಲ ದಿನ ಯಾವುದು ಎಂದರೆ, ಪೌರತ್ವ ಪಡೆದ ದಿನ ಅಲ್ಲ, ಅದು.

ಅಧ್ಯಕ್ಷನಾಗಿದ್ದು ಹೇಗೆ? ಮೂರನೇ ಮೀಟಿಂಗಿನಲ್ಲೇ "ನಾನು ಜವಾಬ್ದಾರಿ ಹೊರಲು ಸಿದ್ಧ" ಎಂದು ಘೋಷಿಸಿದ್ದೆ. "ಇವತ್ತೇ ತಗೋತೀಯಾ?" ಎಂದು ಯಾರೋ ಕೂಗಿದರು. ನಮ್ಮಲ್ಲಿ ಆ ಕುರ್ಚಿಗೆ ಪೈಪೋಟಿ, ಅಲ್ಲಿ ಕಣ್ಣು ತಪ್ಪಿಸುವ ಆಟ. ಸದಸ್ಯರಿಗೆ ವಯಸ್ಸಾಗುತ್ತಿದೆ, ಹೊಸಬರು ಕಡಿಮೆ. ಐದು ವರ್ಷ ಈರುಳ್ಳಿ ಹೆಚ್ಚಿದ ಮೇಲೆ ನನ್ನ ಸರದಿ ಬಂತು. ರೋಟರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಒಂದು ವರ್ಷ ಮುಗಿದರೆ ಸಾಮಾನ್ಯವಾಗಿ ಇಳಿಯಬೇಕು, ಮತ್ತೆ ಪಾತ್ರೆ ತೊಳೆಯುವ ಪಾಳಿಗೆ.

ಆ ವರ್ಷವೂ ಒಂದು ಘನಕಾರ್ಯ ಮಾಡಿದೆ. ಒಂದು ಕಾರ್ಯಕ್ರಮಕ್ಕೆ ಎಂಟುನೂರು ಡಾಲರಿನ ಮೈಕ್ ಸೆಟ್ಟು ನಾನೇ ಆರ್ಡರ್ ಮಾಡಿಬಿಟ್ಟೆ. ಅಧ್ಯಕ್ಷ ಅಲ್ವಾ! ಖಜಾಂಚಿ ತಣ್ಣಗೆ ಕೇಳಿದರು: "ಯಾರು ಪ್ರಸ್ತಾಪ ಮಾಡಿದ್ರು? ಯಾರು ಅನುಮೋದಿಸಿದ್ರು?" ನಡಾವಳಿ ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ. ಮೊದಲು ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಕೈ ಎತ್ತಬೇಕು, ಆಮೇಲೆ ಖರ್ಚು. ಮೈಕ್ ಸೆಟ್ಟು ಈಗ ನಮ್ಮ ಗ್ಯಾರೇಜಿನಲ್ಲಿದೆ, ನನ್ನ ದುಡ್ಡಿನದು. ಬೇಕಾದವರು ಕೇಳಿ.

ಒಟ್ಟಿಗೆ ಐದಾರು ಕನ್ನಡಿಗರನ್ನು ಸೇರಿಸಿದ್ದೂ ನಾನೇ. ಎಲ್ಲರೂ ಒಂದೇ ಮೇಜಿಗೆ ಕೂತು ಕನ್ನಡದಲ್ಲಿ ಹರಟಿದೆವು. ಉಳಿದವರು ದೂರದಿಂದ ನಗುತ್ತಾ ನೋಡಿದರು. ಮೂರು ತಿಂಗಳಲ್ಲಿ ನಾಲ್ಕು ಜನ ಬಿಟ್ಟರು. ನೀವು ಹಾಗೆ ಮಾಡಬೇಡಿ. ಬೇರೆ ಬೇರೆ ಮೇಜಿಗೆ ಕೂರಿ. ಕನ್ನಡಕ್ಕೆ ಕಾರ್ ಪಾರ್ಕಿಂಗ್ ಇದೆ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಿ.

ಬೇರೆ ಮೇಜಿಗೆ ಕೂತಿದ್ದರಿಂದಲೇ ನನಗೆ ಒಬ್ಬ ಮುದುಕರು ಸಿಕ್ಕಿದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಒಂದು ಕಾಲು ಸೊರಗಿತ್ತು. ರೋಟರಿ 1985ರಲ್ಲಿ ಪೋಲಿಯೋ ಅಳಿಸುವ ಕೆಲಸ ಕೈಗೆತ್ತಿಕೊಂಡಾಗಿನಿಂದ ಅವರು ಅದಕ್ಕೇ ಹಣ ಕೂಡಿಸುತ್ತಿದ್ದರು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಹೌರಾದಲ್ಲಿ ಎಂದು ಅವರಿಗೆ ಬಾಯಿಪಾಠ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ವಾರ ನನಗೇ ಕೈ ಕೊಟ್ಟು ಅಭಿನಂದಿಸಿದರು. ನಾನು ಏನು ಮಾಡಿದ್ದೆ? ಆದರೆ ನೆನಪಾಯಿತು. ತುಮಕೂರಿನಲ್ಲಿ ಒಂದು ಭಾನುವಾರ ಮಗನನ್ನು ಎತ್ತಿಕೊಂಡು ಪಲ್ಸ್ ಪೋಲಿಯೋ ಬೂತಿಗೆ ಹೋಗಿದ್ದೆ. ಎರಡು ಹನಿ, ಕಿರುಬೆರಳಿಗೆ ಶಾಯಿ. ಬೂತಿನ ಬ್ಯಾನರಿನಲ್ಲಿ ರೋಟರಿಯ ಹಲ್ಲುಚಕ್ರದ ಗುರುತು ಇತ್ತು. ಅದೇನು ಎಂದು ಅವತ್ತು ಕೇಳಿರಲಿಲ್ಲ.

ಮಗನಿಗೆ ಈಗ ಇಪ್ಪತ್ತು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅದು ನನ್ನ ಸೋಲು, ಬೇರೆ ಯಾರದ್ದೂ ಅಲ್ಲ. ಶನಿವಾರದ ಕನ್ನಡ ತರಗತಿಗೆ ಕಳಿಸಬೇಕಾದ ಹೊತ್ತಿನಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹೈಸ್ಕೂಲಿನಲ್ಲಿ ಅವನು ರೋಟರಿಯ ಶಾಲಾ ಮಕ್ಕಳ ಕ್ಲಬ್ಬಾದ ಇಂಟರ್‍ಯಾಕ್ಟ್ ಸೇರಿದ. ಈ ಸಲ ಸಿದ್ಧಗಂಗೆಗೆ ಕರೆದುಕೊಂಡು ಹೋಗಿದ್ದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬೆಟ್ಟ ಹತ್ತಿ ಇಳಿದು, ಪ್ರಸಾದಕ್ಕೆ ಕೂತೆವು. ಊಟವಾದ ಮೇಲೆ ನೋಡಿದರೆ ಇವನು ಪಕ್ಕದಲ್ಲಿಲ್ಲ. ಯಾರನ್ನೋ ಕೇಳಿ ಸಾರಿನ ಬಕೆಟ್ ಹಿಡಿದು ಸಾಲಿನಲ್ಲಿ ಬಡಿಸುತ್ತಿದ್ದಾನೆ. ಅಮ್ಮನಿಗೆ ಕಸಿವಿಸಿ, "ಅಷ್ಟು ದೂರದಿಂದ ಬಂದ ಮಗೂಗೆ ಯಾಕೋ ಆ ಕೆಲಸ?" ಎಂದು. ಆಮೇಲೆ ತಾವೇ ಹೇಳಿದರು: "ನಿಮ್ಮಪ್ಪನೂ ಜಾತ್ರೇಲಿ ಹೀಗೇ ಬಕೆಟ್ ಹಿಡ್ಕೊಂಡು ನಿಲ್ತಿದ್ರು. ನೀನು ಮಾತ್ರ ಎಲೆ ಮುಂದೆ ಕೂತಿರ್ತಿದ್ದೆ."

ಅನ್ನ, ಅಕ್ಷರ, ಆಶ್ರಯ ಎಂದು ತ್ರಿವಿಧ ದಾಸೋಹ ನಡೆಸಿದ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರ ಮಠ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಬಡಿಸುವುದನ್ನು ಕಲಿಯಲು ನಾನು ಸಮುದ್ರ ದಾಟಿ ಹೋಗಬೇಕಾಯಿತು ನೋಡಿ.

ಹೋದ ವರ್ಷದ ಒಂದು ಮಧ್ಯಾಹ್ನದ ಮಾತು ಹೇಳಿಬಿಡುತ್ತೇನೆ. ನಮ್ಮ ಕ್ಲಬ್ಬಿನವರು ಸರದಿಯಂತೆ ವಯಸ್ಸಾದವರ ಮನೆಗೆ ಊಟ ತಲುಪಿಸುತ್ತೇವೆ, 'ಮೀಲ್ಸ್ ಆನ್ ವೀಲ್ಸ್' ಎಂದು. ಅವತ್ತು ನನ್ನ ಪಾಳಿ. ಒಂಟಿಯಾಗಿರುವ ಅಜ್ಜಿಯೊಬ್ಬರ ಬಾಗಿಲು ತಟ್ಟಿ, ಸೂಪು ಕೊಟ್ಟು, ಅವರ ಮಗ ದೂರದ ಪರ್ತ್‌ನಲ್ಲಿ ಇದ್ದಾನೆ ಎಂಬ ಕಥೆ ಕೇಳುತ್ತಿದ್ದೆ. ಮೊಬೈಲಿಗೆ ಫೋಟೋ ಬಂತು. ತುಮಕೂರಿನ ಕ್ಲಬ್ಬೊಂದರ ಕಣ್ಣಿನ ಕ್ಯಾಂಪಿನಲ್ಲಿ ಅಮ್ಮ, ಪೊರೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ನನಗೆ ಆಪರೇಷನ್ ವಿಷಯವೇ ಗೊತ್ತಿರಲಿಲ್ಲ. "ಅವನಿಗ್ಯಾಕೆ ಗಾಬರಿ" ಎಂದು ಹೇಳಿರಲಿಲ್ಲವಂತೆ. ಕರೆದುಕೊಂಡು ಹೋದವಳು, ರಾತ್ರಿ ಜೊತೆಗಿದ್ದವಳು, ಫೋಟೋ ಕಳಿಸಿದವಳು ಈ ಪಕ್ಕದ ಮನೆ ಹುಡುಗಿಯೇ.

ಯಾರದೋ ತಾಯಿಗೆ ನಾನು ಊಟ ಕೊಡುತ್ತೇನೆ, ನನ್ನ ತಾಯಿಗೆ ಯಾರೋ ಕಣ್ಣಿಗೆ ಹನಿ ಹಾಕುತ್ತಾರೆ. ಲೆಕ್ಕ ಸರಿಹೋಯಿತು ಎಂದು ಕೆಲವು ಸಲ ಅಂದುಕೊಳ್ಳುತ್ತೇನೆ. ಜಾಸ್ತಿ ಹೊತ್ತು ಆ ಸಮಾಧಾನ ನಿಲ್ಲುವುದಿಲ್ಲ.

ಹುಡುಗಿಗೆ ನಮ್ಮ ಕ್ಲಬ್ಬಿನ ವಿಳಾಸ, ಹೆಂಡತಿಯ ನಂಬರು ಕೊಟ್ಟೆ. ಹಳೇ ಶೂ ಒಂದು ಜೊತೆ ತಗೊಂಡು ಹೋಗು, ಬ್ಲೇಜರ್ ಬೇಡ ಎಂದೆ. ಏಳುವ ಹೊತ್ತಿಗೆ ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ: "ಅಮ್ಮಂದು ಇನ್ನೊಂದು ಕಣ್ಣಿನ ಆಪರೇಷನ್ ಇದೆಯಲ್ಲ..."

"ಅದನ್ನ ಎದುರುಮನೆ ಹುಡುಗನಿಗೆ ಒಪ್ಪಿಸಿದೀನಿ ಅಂಕಲ್" ಅಂದಳು. "ಹನಿ ಹಾಕೋದು ತೋರಿಸಿಕೊಟ್ಟಿದೀನಿ. ಕ್ಯಾಂಪಿನ ತಾರೀಖು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೀನಿ, ಅಜ್ಜಿ ಹರಿದು ಬಿಸಾಕದ ಹಾಗೆ ನೋಡ್ಕೊಳ್ಳಿ."