ಆಪಲ್ ಪೈಗೆ ಚಿರೋಟಿಯ ಸಾಟಿ

ಕುಕ್ ಟೌನಿನ ಆಂಟಿಯೊಬ್ಬರು ಕ್ರಿಸ್‌ಮಸ್‌ಗೆ ಆಪಲ್ ಪೈ ಬೇಕು ಅಂತ ತಮ್ಮ ಅಮ್ಮ ಬರೆದಿಟ್ಟಿದ್ದ ಚೀಟಿ ತಂದುಕೊಟ್ಟರು. ಸೇಬಿನ ಹೂರಣ ತುಂಬುವ ಹೊರಪದರಕ್ಕೆ ಮೈದಾ 8 ಔನ್ಸ್, ಲಾರ್ಡ್ 4 ಔನ್ಸ್. ಲಾರ್ಡ್ ಅಂದರೆ ಹಂದಿ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ ಸೋಸಿದ ಬಿಳಿ ಜಿಡ್ಡು. ಅವರ ಸೊಸೆ ಮಾಂಸ ಮುಟ್ಟಲ್ಲ. ನಮ್ಮದೂ ಮಲ್ಲೇಶ್ವರದ ಸಸ್ಯಾಹಾರಿ ಮನೆ. "ಲಾರ್ಡ್ ಬೇಡಮ್ಮ. ಆದ್ರೆ ಬಾಯಲ್ಲಿ ಹಾಗೇ ಉದುರಬೇಕು" ಅಂದರು.

ಮೊದಲು ಬೆಣ್ಣೆ ಹಾಕಿದೆ, ತೂಕಕ್ಕೆ ತೂಕ. ಅದೇ ತಪ್ಪಾಯಿತು. ಲಾರ್ಡ್ ಪೂರ್ತಿ ಕೊಬ್ಬು. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80 ಭಾಗ ಮಾತ್ರ, ಉಳಿದಿದ್ದು ಹೆಚ್ಚಾಗಿ ನೀರು. ನೀರು ಸೇರಿದಷ್ಟೂ ಮೈದಾ ಜಿಗಿ ಬರುತ್ತದೆ. ಪೈ ಒಳಕ್ಕೆ ಸೇದಿಕೊಂಡು ಗಟ್ಟಿಯಾಯಿತು. 4 ಔನ್ಸ್, ಅಂದರೆ ಸುಮಾರು 115 ಗ್ರಾಂ ಲಾರ್ಡ್ ಜಾಗಕ್ಕೆ ಸುಮಾರು 140 ಗ್ರಾಂ ಬೆಣ್ಣೆ ಹಾಕಿ, ಕಲಸುವ ನೀರು ಕಡಿಮೆ ಮಾಡಬೇಕಿತ್ತು.

ಕೊಬ್ಬರಿ ಎಣ್ಣೆ ಬೆಳಗಿನ ಚಳಿಗೆ ಬಾಟಲಿಯಲ್ಲಿ ಕಲ್ಲಾಗಿತ್ತು. ಆದರೆ ಅದು 24 ಡಿಗ್ರಿಗೇ ಕರಗುತ್ತೆ, ಲಟ್ಟಿಸುವಷ್ಟರಲ್ಲಿ ಮಣೆಯೆಲ್ಲ ಎಣ್ಣೆ. ಡಾಲ್ಡಾದಂಥ ವನಸ್ಪತಿಯಲ್ಲಿ ಪದರ ಚೆನ್ನಾಗಿಯೇ ಬಂತು. 2022ರ ಜನವರಿಯಿಂದ ಅದರಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ನೂರಕ್ಕೆ 2 ಭಾಗ ದಾಟುವ ಹಾಗಿಲ್ಲ, ನಿಜ. ಆದರೂ ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗಾಯಿತು. ನನಗಂತೂ ಬೇಡ ಅನ್ನಿಸಿತು.

ದಾರಿ ತೋರಿಸಿದ್ದು ನಮ್ಮಮ್ಮ. ಚಿರೋಟಿ ಮಾಡುವಾಗ ಪದರದ ನಡುವೆ ಸವರುವ ಸಾಟಿ ಇದೆಯಲ್ವಾ, ತುಪ್ಪ ಮತ್ತು ಅಕ್ಕಿಹಿಟ್ಟಿನದು? "ಅದೂ ಬೆಳ್ಳಗೆ, ಮೆತ್ತಗೆ, ಆದ್ರೂ ಗಟ್ಟಿಯಾಗೇ ಇರತ್ತಲ್ಲೇ" ಅಂದರು. ಲಾರ್ಡಿಗೆ ಇರೋದೂ ಇದೇ ಗುಣ. ಕರಗದೆ ಗಟ್ಟಿಯಾಗಿಯೇ ಇದ್ದು, ಬೆರಳಿಗೆ ಬಗ್ಗುತ್ತೆ.

115 ಗ್ರಾಂ ತುಪ್ಪ ತಗೊಂಡೆ. ಕರಗಿಸಿದ್ದಲ್ಲ, ಡಬ್ಬಿಯಲ್ಲಿ ಮರಳು ಮರಳಾಗಿ ಹೆಪ್ಪುಗಟ್ಟಿದ್ದು. ಅಗಲವಾದ ತಟ್ಟೆಗೆ ಹಾಕಿ, ನಾಲ್ಕು ಐಸ್ ಕ್ಯೂಬ್ ಇಟ್ಟು, ಅಂಗೈಯಲ್ಲಿ ಸುತ್ತ ತಿಕ್ಕುತ್ತಾ ಹೋದೆ. ಮೊದಲು ಕೈ ಮರಗಟ್ಟುತ್ತೆ. ಐದು ನಿಮಿಷಕ್ಕೆ ಹಳದಿ ಬಣ್ಣ ಹೋಗುತ್ತಾ ಬರುತ್ತೆ, ಹತ್ತು ನಿಮಿಷಕ್ಕೆ ಆಗ ತಾನೇ ಕಡೆದ ಬೆಣ್ಣೆಯ ಹಾಗೆ ಬೆಳ್ಳಗಾಗಿ ಉಬ್ಬುತ್ತೆ. ತಟ್ಟೆ ವಾಲಿಸಿ ನೀರೆಲ್ಲ ಬಸಿಯಬೇಕು, ಒಂದು ಹನಿ ಬಿಡಬಾರದು. ಒಂದು ಚಮಚ ಅಕ್ಕಿಹಿಟ್ಟು ಬೆರೆಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ.

ಆಮೇಲೆ 225 ಗ್ರಾಂ ಮೈದಾಗೆ ಬೆರಳ ತುದಿಯಲ್ಲೇ ಉದುರಿಸಿದೆ. ಅಲ್ಲಲ್ಲಿ ಕಡಲೆಕಾಳಿನಷ್ಟು ಉಂಡೆ ಉಳೀಬೇಕು. ಓವನ್ನಿನಲ್ಲಿ ಅವು ಕರಗಿದ ಜಾಗದಲ್ಲೇ ಪದರ ಏಳೋದು. ಮೂರು ಚಮಚ ತಣ್ಣೀರು, ಅಷ್ಟೇ. ಚಪಾತಿ ಹಿಟ್ಟಿನ ಹಾಗೆ ನಾದಲೇಬಾರದು. 200 ಡಿಗ್ರಿಯಲ್ಲಿ 20 ನಿಮಿಷ, 180ಕ್ಕೆ ಇಳಿಸಿ ಇನ್ನೊಂದು 25.

ಆಂಟಿ ಅಂಚಿನ ಚೂರೊಂದನ್ನು ಎರಡು ಬೆರಳಲ್ಲಿ ಒತ್ತಿದರು. ರವೆಯ ಹಾಗೆ ಉದುರಿತು. ತಿಂದು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಮ್ಮನದ್ದಕ್ಕಿಂತ ಪರಿಮಳ ಜಾಸ್ತಿ" ಅಂದರು.

ಆ ಪರಿಮಳ ಸೇಬಿನ ಜೊತೆ ಚಕ್ಕೆಗೆ ಚೆನ್ನಾಗಿ ಹೊಂದುತ್ತೆ. ಖಾರದ ತರಕಾರಿ ಪೈಗೆ ಮಾತ್ರ ತುಪ್ಪ ಮುಂದೆ ಬಂದುಬಿಡುತ್ತೆ. ಅದಕ್ಕೆ ಈಗ ಅರ್ಧ ತುಪ್ಪ, ಅರ್ಧ ಉಪ್ಪಿಲ್ಲದ ಬೆಣ್ಣೆ ಹಾಕಿ, ನೀರು ಒಂದು ಚಮಚ ಕಡಿಮೆ ಮಾಡುತ್ತೇನೆ.