ಹಳೇ ಸರ್ಫ್‌ಬೋರ್ಡ್ ಘಟ್ಟ ಹತ್ತಿಸುವ ಮೊದಲು

ಮೂಲ್ಕಿ ಕಡೆಯಿಂದ ಹಳೇ ಸರ್ಫ್‌ಬೋರ್ಡ್ (ಕಡಲ ಅಲೆಯ ಮೇಲೆ ನಿಂತು ಜಾರುವ ಹಲಗೆ) ಕೊಂಡು ಆಗುಂಬೆ ಘಾಟಿ ಹತ್ತಿಸುವವರು ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಬೋರ್ಡ್ ನೀರು ಕುಡಿದಿದೆಯೇ ಅಂತ. ಹೆಬ್ಬೆರಳಿನಿಂದ ಎರಡೂ ಮೈ ಒತ್ತುತ್ತಾ ಬನ್ನಿ. ಮೆತ್ತಗೆ ಕುಗ್ಗಿದರೆ ಫೈಬರ್‌ಗ್ಲಾಸ್ ಪದರ ಒಳಗಿನ ಹಗುರ ತಿರುಳಾದ ಫೋಮ್‌ನಿಂದ ಬಿಟ್ಟುಕೊಂಡಿದೆ. ಬಿರುಕಿನ ಸುತ್ತ ಕಂದು ಕಲೆ ಇದ್ದರೆ ಒಳಗೆ ನೀರು ಹೋಗಿದೆ ಅಂತಲೇ ಲೆಕ್ಕ.

ವಯಸ್ಸಿಗೆ ಒಂದು ಗುರುತು: ಅಡಿಯಲ್ಲಿ ಸಮ ಅಳತೆಯ ಮೂರು ಫಿನ್ (ಮೀನಿನ ಈಜುರೆಕ್ಕೆಯಂಥ ತುಂಡು) ಇದ್ದರೆ ಬಹುತೇಕ 1981ರ ಈಚಿನದು. ಕಾಲಿಗೆ ಹಗ್ಗ ಕಟ್ಟುವ ಗುಳಿ ಇದ್ದ ಮಾತ್ರಕ್ಕೆ ಹೊಸದು ಅನ್ನಬೇಡಿ, ಆಮೇಲೆ ಕೊರೆಸಿದ್ದೂ ಇರುತ್ತದೆ.

ರಿಪೇರಿಯನ್ನು ಮಳೆಗಾಲದಲ್ಲಿ ದಯವಿಟ್ಟು ಮಾಡಬೇಡಿ. ಒದ್ದೆ ಫೋಮ್ ಮೇಲೆ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು) ಹಚ್ಚಿದರೆ ನೀರು ಒಳಗೇ ಉಳಿದು, ಬಿಸಿಲು ಬಿದ್ದಾಗ ಪದರ ಉಬ್ಬಿ ಏಳುತ್ತದೆ. ಒಡೆದ ಜಾಗ ಕೆಳಮುಖವಾಗಿರುವಂತೆ ನೆರಳಲ್ಲಿಟ್ಟು ವಾರಗಟ್ಟಲೆ ಒಣಗಿಸಿ, ಜನವರಿಯಲ್ಲಿ ಕೈ ಹಾಕಿ. ಪಾಲಿಯೆಸ್ಟರ್ ರೆಸಿನ್ 100 ಗ್ರಾಂಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ 1ರಿಂದ 2 ಗ್ರಾಂ ಸಾಕು. ಬೋರ್ಡ್ ಒಳಗಿರುವುದು ಥರ್ಮಕೋಲ್ ಜಾತಿಯ ಫೋಮ್ ಆದರೆ ಪಾಲಿಯೆಸ್ಟರ್ ತಾಗಿದ ಕಡೆ ಕರಗಿಹೋಗುತ್ತದೆ, ಅದಕ್ಕೆ ಎಪಾಕ್ಸಿ ಎಂಬ ಬೇರೆ ರೆಸಿನ್ನೇ ಬೇಕು. ಹಳದಿ ಹೋಗಲೆಂದು ಇಡೀ ಮೈ ಉಜ್ಜಬೇಡಿ. ಮೂಲ ಮೆರುಗು ಹೋದರೆ ಸಂಗ್ರಹದ ಬೆಲೆಯೂ ಹೋಯಿತು.

ಇಡುವಾಗ ಪ್ಲಾಸ್ಟಿಕ್ ಸುತ್ತಬೇಡಿ, ಹಳೇ ಹತ್ತಿ ಸೀರೆ ಹೊದಿಸಿ. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಬೇಡ. ಮಣ್ಣಿನ ಗೋಡೆಗೆ ಆನಿಸಿದರೆ ಬೋರ್ಡ್ ನಡುವಿನ ಮರದ ಪಟ್ಟಿಗೆ ಗೆದ್ದಲು ಹತ್ತೀತು.