ಉಸಿರು ಎಣಿಸಲು ಒಂದು ನಿಮಿಷ

ಮನುಷ್ಯನ ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಬೇಕು. ಮಂಚದ ಪಕ್ಕ ನಿಂತು, ವಾಚ್ ಮೇಲೆ ಒಂದು ಕಣ್ಣಿಟ್ಟು, ಎದೆ ಏರಿಳಿಯುವುದನ್ನು ಎಣಿಸಬೇಕು. ಬಿ.ಪಿ.ಗೆ ಮೆಷಿನ್ ಇದೆ. ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್ ಇದೆ. ಉಸಿರಿಗೆ ಮಾತ್ರ ನಮ್ಮ ವಾರ್ಡಿನಲ್ಲಿ ಸಿಸ್ಟರ್ ಕಣ್ಣೇ ಗತಿ. ಆ ಒಂದು ನಿಮಿಷ ಸಿಗದೆ, ಎಲ್ಲರ ಚಾರ್ಟಿನಲ್ಲೂ, ಉಸಿರು ಮಾಮೂಲಿಯಾಗಿದೆ ಎನ್ನುವ ಹಾಗೆ, 20 ಎಂದು ಬರೆದು ಮುಂದೆ ಹೋದ ರಾತ್ರಿಗಳು ನನ್ನ ಸರ್ವೀಸಿನಲ್ಲಿ ಎಷ್ಟೋ ಇವೆ. ಹೇಳಿಕೊಳ್ಳಲು ಸಂಕಟ ಆಗುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಏನೂ ಪ್ರಯೋಜನ ಇಲ್ಲ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ನರ್ಸ್. ಕೆಲಸಕ್ಕೆ ಸೇರಿ 19 ವರ್ಷ ಆಯಿತು. ವಾರ್ಡಿನಲ್ಲಿ 30 ಹಾಸಿಗೆ. ಮಳೆಗಾಲದಲ್ಲಿ ಡೆಂಗಿ ಶುರುವಾದರೆ 36, 38 ಜನ ಇರುತ್ತಾರೆ, ನೆಲದ ಮೇಲೂ ಹಾಸುತ್ತೇವೆ. ರಾತ್ರಿ ಪಾಳಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ಡ್ಯೂಟಿ ಲಿಸ್ಟಿನಲ್ಲಿ ಇಬ್ಬರ ಹೆಸರು ಇರುತ್ತದೆ. ಆದರೆ ಎಷ್ಟೋ ದಿನ ಒಬ್ಬರನ್ನು ಕ್ಯಾಶುವಾಲಿಟಿಗೋ ಲೇಬರ್ ವಾರ್ಡಿಗೋ ಕಳಿಸಿರುತ್ತಾರೆ.

ಅಂಥ ಒಂದು ರಾತ್ರಿ 27ನೇ ಹಾಸಿಗೆಯಲ್ಲಿ ನ್ಯುಮೋನಿಯಾ ಆದ ಅಜ್ಜಿ ಒಬ್ಬರಿದ್ದರು. ಮಗಳು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದರು. ಹತ್ತು ಗಂಟೆಗೆ ಇಂಜೆಕ್ಷನ್ ಕೊಟ್ಟು, "ಹೇಗಿದ್ದೀರ ಅಜ್ಜಿ?" ಎಂದೆ. ತಲೆ ಆಡಿಸಿದರು. ಚಾರ್ಟಿನಲ್ಲಿ 20 ಬರೆದೆ. ಆಮೇಲೆ ಎರಡು ಅಡ್ಮಿಷನ್ ಬಂದವು, ಇನ್ನೊಬ್ಬರಿಗೆ ಫಿಟ್ಸ್ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಮಗಳು ಓಡಿ ಬಂದರು. "ಸಿಸ್ಟರ್, ಅಮ್ಮ ಯಾಕೋ ಮಾತಾಡ್ತಿಲ್ಲ." ಹೋಗಿ ನೋಡಿದರೆ ತುಟಿ ನೀಲಿಯಾಗಿತ್ತು. ಕತ್ತಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಆಗ ಎಣಿಸಿದೆ. 40 ಇತ್ತು. ಐಸಿಯುಗೆ ಸಾಗಿಸಿದೆವು. ಮೂರನೇ ದಿನ ತೀರಿಕೊಂಡರು.

ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರಾ? ನಾನು ಹೇಳಲಾರೆ. ಆದರೆ ಉಸಿರು ಒಂದೇ ಸಲಕ್ಕೆ 40ಕ್ಕೆ ಏರುವುದಿಲ್ಲ. ನಡುವೆ 26, 30, 34 ಬಂದು ಹೋಗಿರುತ್ತವೆ. ಅವನ್ನು ಯಾರೂ ನೋಡಲಿಲ್ಲ. ಮಗಳು ನನ್ನನ್ನು ಬೈಯಲಿಲ್ಲ. "ನೀವು ಒಬ್ರೇ ಎಷ್ಟೂಂತ ಓಡಾಡ್ತೀರ ಸಿಸ್ಟರ್" ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ನೈಟ್ ಆಫ್ ದಿನ ಮನೆಯಲ್ಲಿ ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. 12 ಗಂಟೆ ಅಂದರೆ 720 ನಿಮಿಷ. 36 ರೋಗಿಗಳು. ತಲೆಗೆ 20 ನಿಮಿಷ, ಇಡೀ ರಾತ್ರಿಗೆ. ಬಿ.ಪಿ., ನಾಡಿ, ಜ್ವರ, ಉಸಿರು ಸರಿಯಾಗಿ ನೋಡಿ ಬರೆಯಲು ಒಬ್ಬರಿಗೆ ಐದು ನಿಮಿಷ ಹಿಡಿಯುತ್ತದೆ. ಒಂದು ಸುತ್ತಿಗೆ ಮೂರು ಗಂಟೆ. ಎರಡು ಸುತ್ತು ಹಾಕಿದರೆ ಅರ್ಧ ಪಾಳಿ ಮುಗಿಯಿತು. ಉಳಿದ ಆರು ಗಂಟೆಯಲ್ಲಿ ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್, ಬೆಳಿಗ್ಗೆಯ ರಕ್ತದ ಸ್ಯಾಂಪಲ್, ಇನ್ಸುಲಿನ್, ರಿಪೋರ್ಟ್ ಬರೆಯುವುದು ಎಲ್ಲ ಆಗಬೇಕು. ಲಕ್ವ ಹೊಡೆದು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರೇ ಎಳೆದರೆ ಬೆನ್ನಿನ ಚರ್ಮ ಬೆಡ್‌ಶೀಟಿಗೆ ಉಜ್ಜಿ ಸುಲಿಯುತ್ತದೆ. ಎಷ್ಟು ಸಲ ಕೂಡಿದರೂ ಲೆಕ್ಕ ಹೊಂದಲಿಲ್ಲ. ಇಷ್ಟು ವರ್ಷ ನನ್ನ ಕೈ ನಿಧಾನ ಎಂದುಕೊಂಡಿದ್ದೆ. ಕೈ ನಿಧಾನ ಇರಲಿಲ್ಲ, ಕೈಗಳೇ ಕಡಿಮೆ ಇದ್ದವು.

ಆಮೇಲೆ ಒಂದು ಪುಸ್ತಕ ಇಟ್ಟೆ. ಮಾಡಿದ ಕೆಲಸಕ್ಕೆ ನಮ್ಮಲ್ಲಿ ರಿಜಿಸ್ಟರ್‌ಗಳು ಬೇಕಾದಷ್ಟಿವೆ. ಮಾಡಲಾಗದೆ ಬಿಟ್ಟ ಕೆಲಸಕ್ಕೆ ಒಂದೂ ಇಲ್ಲ. ಅದನ್ನು ಬರೆಯೋಣ ಎಂದು ಜೊತೆಯವರಿಗೆ ಹೇಳಿದೆ. ಎಲ್ಲರಿಗೂ ಭಯ. "ನಾವೇ ಬರೆದುಕೊಟ್ಟರೆ ನಾಳೆ ನಮಗೇ ಮೆಮೋ ಬರುತ್ತೆ ಸಿಸ್ಟರ್" ಎಂದಳು ಒಬ್ಬಳು. ಆ ಭಯ ಸುಳ್ಳಲ್ಲ. ಅದಕ್ಕೇ ಸಿಸ್ಟರ್ ಹೆಸರು ಬೇಡ, ರೋಗಿಯ ಹೆಸರು ಬೇಡ, ಬರೀ ಸಂಖ್ಯೆ ಎಂದು ಮಾತಾಯಿತು. ಇನ್‌ಚಾರ್ಜ್ ಸಿಸ್ಟರ್ ಮೊದಲು ಒಪ್ಪಲಿಲ್ಲ. ನಾಲ್ಕು ದಿನ ಬಿಟ್ಟು ಅವರೇ ಸ್ಕೇಲ್ ತಂದು ಗೆರೆ ಹಾಕಿಕೊಟ್ಟರು. ಒಂದು ತಿಂಗಳು, ಪ್ರತಿ ರಾತ್ರಿ ಬರೆದೆವು.

ತಿಂಗಳ ಕೊನೆಗೆ ಪುಟಗಳನ್ನು ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಇಂಜೆಕ್ಷನ್ ತಪ್ಪಿದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಡ ಆಗಿದೆ, ತಪ್ಪಿಲ್ಲ. ಯಾಕೆಂದರೆ ಇಂಜೆಕ್ಷನ್ ಮುಂದೆ ಸಹಿ ಹಾಕಬೇಕು, ಬೆಳಿಗ್ಗೆ ಡಾಕ್ಟರ್ ಕೇಳುತ್ತಾರೆ. ಯಾರೂ ಕೇಳದ ಕೆಲಸಗಳೇ ಮೊದಲು ಬಿದ್ದುಹೋಗಿದ್ದವು. ಮಗ್ಗುಲು ಬದಲಿಸುವುದು. ಬಾಯಿ ಒರೆಸುವುದು. ಉಸಿರು ಎಣಿಸುವುದು. ಮೂಗಿನ ನಳಿಕೆಯಲ್ಲಿ ಊಟ ಹೇಗೆ ಹಾಕಬೇಕು ಎಂದು ಮನೆಯವರಿಗೆ ಕೂತು ಹೇಳಿಕೊಡುವುದು. ಇವು ಬಿಟ್ಟುಹೋದರೆ ಆ ರಾತ್ರಿ ಏನೂ ಆಗುವುದಿಲ್ಲ. ನಾಲ್ಕನೇ ದಿನಕ್ಕೆ ಬೆನ್ನಹುಣ್ಣು ಕಾಣುತ್ತದೆ. ಆಗ ಯಾರ ಪಾಳಿಯಲ್ಲಿ ಬಂತು ಎಂದು ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು, ನಮ್ಮ ಸಮಯ ಎಲ್ಲಿ ಸೋರಿಹೋಗುತ್ತಿತ್ತು ಅನ್ನೋದು. ಬ್ಲಡ್ ಬ್ಯಾಂಕಿಗೆ ಹೋಗಿಬರುವುದು, ಫಾರ್ಮಸಿಯಿಂದ ಔಷಧಿ ತರುವುದು, ಕಂಪ್ಯೂಟರ್ ಎಂಟ್ರಿ, ಆಂಬ್ಯುಲೆನ್ಸಿಗೆ ಫೋನ್. ಒಂದು ರಾತ್ರಿ ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಸ್ಪ್ಯಾನರ್ ಹುಡುಕಲು ಹನ್ನೆರಡು ನಿಮಿಷ ಹೋಗಿತ್ತು. ಅದು ಪಕ್ಕದ ವಾರ್ಡಿನಲ್ಲಿತ್ತು.

ಅದೇ ಸಮಯಕ್ಕೆ ನಮ್ಮಲ್ಲಿ ಹೊಸದಾಗಿ ಸೇರಿದ್ದ ಬಿ.ಎಸ್ಸಿ. ನರ್ಸಿಂಗ್ ಹುಡುಗಿ ಮೊಬೈಲಿನಲ್ಲಿ ಒಂದು ಅಧ್ಯಯನ ತೋರಿಸಿದಳು. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಾಡಿ, 2002ರಲ್ಲಿ ಪ್ರಕಟಿಸಿದ್ದು. 168 ಆಸ್ಪತ್ರೆ, ಆಪರೇಷನ್ ಆದ 2,32,342 ರೋಗಿಗಳು. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ರೋಗಿ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತಿತ್ತು. ತೊಡಕು ಕಾಣಿಸಿಕೊಂಡ ಮೇಲೆ ರೋಗಿಯನ್ನು ಉಳಿಸಿಕೊಳ್ಳಲಾಗದೆ ಹೋಗುವುದೂ ಅಷ್ಟೇ ಏರುತ್ತಿತ್ತು. ಇದನ್ನು ಓದುವಾಗ 27ನೇ ಹಾಸಿಗೆ ಕಣ್ಣ ಮುಂದೆ ಬಂತು. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅದೇ ಶೇಕಡಾ 7 ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಇದಕ್ಕೆ ಕಾನೂನೇ ಇದೆ. 2005ರಿಂದ ನಮ್ಮಂಥ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಐದಕ್ಕಿಂತ ಜಾಸ್ತಿ ರೋಗಿಗಳನ್ನು ಕೊಡುವಂತಿಲ್ಲ.

ನಮ್ಮಲ್ಲೂ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳಿದ ಲೆಕ್ಕ ಇದೆ. ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು. ಜೊತೆಗೆ ರಜೆಗೆಂದು ಶೇಕಡಾ 30 ಜನ ಜಾಸ್ತಿ ಇರಬೇಕು. ಈ ಕೊನೆಯ ಮಾತು ತುಂಬಾ ಜನರಿಗೆ ಅರ್ಥ ಆಗುವುದಿಲ್ಲ. "ನಿಮ್ಮ ವಾರ್ಡಿಗೆ ಒಂಬತ್ತು ಜನ ಇದ್ದೀರಲ್ಲ, ಇನ್ನೇನು ಬೇಕು?" ಎಂದು ಕೇಳುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಹಗಲು ರಾತ್ರಿ ಒಬ್ಬರು ವಾರ್ಡಿನಲ್ಲಿ ಇರಬೇಕು ಅಂದರೂ ಮೂರೂವರೆ ಜನ ಬೇಕು. ರಜೆ ಸೇರಿಸಿದರೆ ನಾಲ್ಕೂವರೆ. ಅಂದರೆ ಒಂಬತ್ತು ಜನ ಇದ್ದರೆ ಪಾಳಿಗೆ ಇಬ್ಬರು. ಅದರಲ್ಲಿ ಒಬ್ಬಳು ಹೆರಿಗೆ ರಜೆಯಲ್ಲಿದ್ದರೆ ಅದೂ ಇಲ್ಲ. ನಾವೆಲ್ಲ ಹೆಣ್ಣುಮಕ್ಕಳೇ, ಹೆರಿಗೆ ರಜೆ ಇದ್ದೇ ಇರುತ್ತೆ ಅಲ್ವಾ? ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪುಸ್ತಕ ಹಿಡಿದುಕೊಂಡು ನಾನೂ ಇನ್‌ಚಾರ್ಜ್ ಸಿಸ್ಟರೂ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋದೆವು. ಮೇಡಂ ಸುಮ್ಮನೆ ಪುಟ ತಿರುವುತ್ತಾ ಹೋದರು. ಆಮೇಲೆ, "ಪೋಸ್ಟ್ ಕೊಡೋದು ನನ್ನ ಕೈಲಿಲ್ಲ ಕಣಮ್ಮ. ಇರೋರನ್ನ ಹಿಂದೆ ಮುಂದೆ ಮಾಡಬಹುದು. ಎಲ್ಲಿ ತೀರಾ ಕಷ್ಟ ಆಗ್ತಿದೆ ಹೇಳು" ಎಂದರು. ಅದಕ್ಕೆ ಉತ್ತರ ಪುಸ್ತಕದಲ್ಲೇ ಇತ್ತು. ರಾತ್ರಿ ಎಂಟರಿಂದ ಹತ್ತು, ಅಡ್ಮಿಷನ್ ಬರುವ ಹೊತ್ತು. ಬೆಳಿಗ್ಗೆ ಐದರಿಂದ ಎಂಟು, ಸ್ಯಾಂಪಲ್ಲು ಇನ್ಸುಲಿನ್ನು ಎಲ್ಲ ಒಟ್ಟಿಗೆ ಬೀಳುವ ಹೊತ್ತು.

ಮಧ್ಯಾಹ್ನ ಎರಡರಿಂದ ಎಂಟರ ಪಾಳಿಯ ಒಬ್ಬರನ್ನು ನಾಲ್ಕರಿಂದ ಹತ್ತಕ್ಕೆ ಮಾಡಿದರು. ಬೆಳಗಿನ ಪಾಳಿಯ ಒಬ್ಬರು ಆರಕ್ಕೇ ಬರತೊಡಗಿದರು. ಇದು ಅವರಿಗೆ ಕಷ್ಟವೇ, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕಾದವರಿಗೆ ಅದನ್ನು ಹಾಕಲಿಲ್ಲ. ಬ್ಲಡ್ ಬ್ಯಾಂಕ್, ಫಾರ್ಮಸಿ ಓಡಾಟಕ್ಕೆ ರಾತ್ರಿ ಒಬ್ಬ ಗ್ರೂಪ್ ಡಿ ನೌಕರರನ್ನು ಗೊತ್ತು ಮಾಡಿದರು. ಸ್ಪ್ಯಾನರನ್ನು ದಾರ ಕಟ್ಟಿ ಸಿಲಿಂಡರ್ ಟ್ರಾಲಿಗೇ ತೂಗುಹಾಕಿದೆವು. ತುಂಬಾ ಹುಷಾರಿಲ್ಲದವರನ್ನು ನಮ್ಮ ಟೇಬಲ್ ಎದುರಿನ ಎಂಟು ಹಾಸಿಗೆಗಳಿಗೆ ತಂದೆವು. ಎಲ್ಲರ ಉಸಿರು ಎಣಿಸಲು ಆಗದಿದ್ದರೂ ಈ ಎಂಟು ಜನರದ್ದು ಪೂರ್ತಿ ಒಂದು ನಿಮಿಷ ಎಣಿಸಲೇಬೇಕು ಎಂದು ನಮ್ಮನಮ್ಮಲ್ಲೇ ಕಟ್ಟುನಿಟ್ಟು ಮಾಡಿಕೊಂಡೆವು. ಎಣಿಸದಿದ್ದರೆ ಆ ಜಾಗ ಖಾಲಿ ಬಿಡಬೇಕು, 20 ಬರೆಯಬಾರದು. ನನ್ನ ಪ್ರಕಾರ ಇಡೀ ಬದಲಾವಣೆಯಲ್ಲಿ ದೊಡ್ಡದು ಇದೇ. ಖಾಲಿ ಜಾಗ ಕಂಡರೆ ಮುಂದಿನವರು ಹೋಗಿ ಎಣಿಸುತ್ತಾರೆ.

"ಜೊತೆಗೆ ಮನೆಯವರು ಇರ್ತಾರಲ್ಲ, ಅವರೇ ನೋಡ್ಕೋತಾರೆ" ಎಂದು ಒಬ್ಬ ಡಾಕ್ಟರ್ ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ಮನೆಯವರು ಗಂಜಿ ಕುಡಿಸುತ್ತಾರೆ, ಕೈ ಹಿಡಿದು ಕೂರುತ್ತಾರೆ, ಅದು ನಮ್ಮಿಂದ ಆಗದ ಕೆಲಸ. ಆದರೆ 27ನೇ ಹಾಸಿಗೆಯ ಮಗಳು ಇಡೀ ರಾತ್ರಿ ಪಕ್ಕದಲ್ಲೇ ಇದ್ದರು. ಅಮ್ಮ ನಿದ್ದೆ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದರು.

ಪಾಳಿ ಬದಲಿಸಿದ್ದರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮಧ್ಯರಾತ್ರಿಯಿಂದ ಐದರವರೆಗೆ ಕಷ್ಟ ಹಾಗೇ ಇತ್ತು. ಮೇಡಂ ಆ ಪುಸ್ತಕದ ಜೆರಾಕ್ಸ್ ಸೇರಿಸಿ ಮೇಲಕ್ಕೆ ಮೂರು ಸಲ ಬರೆದರು. ಎಂಟು ತಿಂಗಳಾದ ಮೇಲೆ ಗುತ್ತಿಗೆಯಲ್ಲಿ ಒಬ್ಬರು ರಾತ್ರಿ ಪಾಳಿಗೆಂದೇ ಬಂದರು. ಅಲ್ಲಿಂದ ಇಬ್ಬರು ಸೇರಿ ಮಗ್ಗುಲು ಬದಲಿಸುವುದು ನಡೆಯುತ್ತಿದೆ. ಈಗಲೂ ಹುಣ್ಣು ಆಗುತ್ತದೆ, ಆದರೆ ಮನೆಯಿಂದಲೇ ಹುಣ್ಣು ಇಟ್ಟುಕೊಂಡು ಬಂದವರದ್ದು ಬಿಟ್ಟರೆ ಮೊದಲಿನಷ್ಟು ಕಾಣುವುದಿಲ್ಲ.

ಕಳೆದ ಮಳೆಗಾಲದಲ್ಲಿ ರಾತ್ರಿ ಒಂದು ಗಂಟೆಗೆ, ಮೊಬೈಲಿನಲ್ಲಿ ಅಧ್ಯಯನ ತೋರಿಸಿದ್ದ ಅದೇ ಬಿ.ಎಸ್ಸಿ. ಹುಡುಗಿ ನನ್ನ ಹತ್ತಿರ ಬಂದು, "ನಾಲ್ಕನೇ ಬೆಡ್ ಅಮ್ಮನಿಗೆ ಉಸಿರು 28 ಇದೆ, ಎರಡು ಸಲ ಎಣಿಸಿದೆ" ಎಂದಳು. ಆ ಅಮ್ಮ ಆರಾಮಾಗಿ ಮಲಗಿದ ಹಾಗೇ ಕಾಣುತ್ತಿದ್ದರು. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದೆವು. ಆಕ್ಸಿಜನ್ ಹಾಕಿ, ಎಕ್ಸ್‌ರೇ ತೆಗೆಸಿ, ಆಂಟಿಬಯೋಟಿಕ್ ಬದಲಿಸಿದರು. ಆರನೇ ದಿನ ಅವರು ತಾವೇ ನಡೆದುಕೊಂಡು ಮನೆಗೆ ಹೋದರು.

ಮೊನ್ನೆ ಗಂಡಸರ ವಾರ್ಡಿನ ಸಿಸ್ಟರ್ ಬಂದು ಪುಸ್ತಕಕ್ಕೆ ಗೆರೆ ಹೇಗೆ ಹಾಕಿದ್ದೀರಿ ಎಂದು ಕೇಳಿದರು. ಪುಟದ ಮೇಲ್ಗಡೆ ಆ ರಾತ್ರಿ ಎಷ್ಟು ರೋಗಿಗಳು, ಎಷ್ಟು ಸಿಸ್ಟರ್‌ಗಳು ಎಂದು ಬರೆಯಬೇಕು. ಕೆಳಗೆ ಆಗದೆ ಉಳಿದ ಕೆಲಸ, ಹೊತ್ತು, ಎಷ್ಟು ಜನರಿಗೆ ಆಗಲಿಲ್ಲ ಅನ್ನೋದು. ಯಾರ ಹೆಸರೂ ಬೇಡ ಎಂದು ಎರಡು ಸಲ ಹೇಳಿ, ಒಂದು ಹಾಳೆ ಹರಿದು ಕೊಟ್ಟೆ.